ಟೊರೊ ಅನ್ನುವ ಮೀನು ಎಲ್ಲಿ ಸಿಗುತ್ತದೆ, ಕಾಕಾ?

ಹೋದ ಸಂಚಿಕೆಯಲ್ಲಿ ಹಡಗಿನ ಅಡುಗೆಮನೆಯ ವಿಷಯ ಬರೆಯುವಾಗ ಒಂದು ಸಾಲು ಸುಮ್ನೆ ಸೇರಿಸಿದ್ದೆ. ಜಪಾನಿನ ಶಿಮಿಜು ಬಂದರಿನಲ್ಲಿ ಹಸಿ ಟ್ಯೂನಾ ತಿಂದೆ, ಬೆಣ್ಣೆಯ ಹಾಗಿತ್ತು ಅಂತ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದು ಸಾಲಿನ ಬಗ್ಗೆಯೇ ಇವೆ. ಕುಂದಾ ಯಾಕೆ ಗಟ್ಟಿಯಾಯಿತು, ಮಂಡಿಗೆ ಯಾಕೆ ಹರಿಯಿತು ಎಂದು ಕೇಳಿದವರು ಹದಿನೈದು ದಿನ ತಡೆದುಕೊಳ್ಳಿ. ಇವತ್ತು ಮೀನು. ಮೀನು ತಿನ್ನದವರು ಪುಟ ತಿರುಗಿಸಿದರೆ ನನಗೇನೂ ಬೇಜಾರಿಲ್ಲ. ನಮ್ಮ ಮನೆಯಾಕೆಯೂ ತಿರುಗಿಸುತ್ತಾಳೆ.

ಪ್ರಶ್ನೆ: ಕಾಕಾ, ದೀಪಾವಳಿಗೆ ಮಗನ ಹತ್ತಿರ ಬೆಂಗಳೂರಿಗೆ ಹೋಗಿದ್ದೆವು. ಅವನು ಒಂದು ಜಪಾನಿ ಹೋಟೆಲಿಗೆ ಕರೆದುಕೊಂಡು ಹೋದ. ಮೆನುದಲ್ಲಿ ಅಕಾಮಿ, ಚೂಟೊರೊ, ಓಟೊರೊ ಅಂತ ಮೂರು ಹೆಸರಿದ್ದವು. ನಮ್ಮವರು ಸುರ್ಮಯಿ, ಬಾಂಗಡಾ, ಪಾಪ್ಲೆಟ್ ಇದ್ದ ಹಾಗೆ ಮೂರು ಮೀನು ಇರಬೇಕು ಅಂದುಕೊಂಡು ಮೂರನ್ನೂ ಹೇಳಿದರು. ಬಂದಾಗ ನೋಡಿದರೆ ಒಂದು ಕೆಂಪು, ಒಂದು ಗುಲಾಬಿ, ಒಂದು ಹೆಚ್ಚುಕಡಿಮೆ ಬಿಳಿ. ವೇಟರ್ ಮಾತ್ರ ‘ಮೂರೂ ಒಂದೇ ಮೀನು, ಮೇಡಂ’ ಅಂದ. ಒಂದೇ ಮೀನಾದರೆ ಬಿಳಿ ತುಂಡಿಗೆ ಕೆಂಪು ತುಂಡಿನ ಮೂರು ಪಟ್ಟು ರೇಟ್ ಯಾಕೆ? ನಮಗೆ ಟೋಪಿ ಹಾಕಿದರಾ?
ಓದುಗರು, ಹಿಂದವಾಡಿ, ಬೆಳಗಾವಿ

ಉತ್ತರ: ಟೋಪಿ ಹಾಕಿಲ್ಲ, ಅಕ್ಕಾವರೇ. ವೇಟರ್ ಹೇಳಿದ್ದು ಸರಿ.

ನೀವು ಮಟನ್ ಅಂಗಡಿಗೆ ಹೋಗಿ ‘ಒಂದು ಕಿಲೋ ಆಡು ಕೊಡಿ’ ಅನ್ನುವುದಿಲ್ಲ, ಅಲ್ವಾ? ಚಾಪ್ ಕೊಡಿ, ಎರಡು ನಲ್ಲಿ ಹಾಕಿ, ಅರ್ಧ ಕಿಲೋ ಖಿಮಾ ಮಾಡಿ ಅನ್ನುತ್ತೀರಿ. ಟೊರೊ ಅನ್ನುವುದೂ ಅಂಥದ್ದೇ ಮಾತು. ಅದು ಮೀನಿನ ಹೆಸರಲ್ಲ, ಮೀನಿನ ಮೈಯಲ್ಲಿರುವ ಜಾಗದ ಹೆಸರು. ಮೀನಿನ ಹೆಸರು ಮಾಗುರೊ. ನಮ್ಮ ಬಾಯಲ್ಲಿ ಟ್ಯೂನಾ. ಅದರಲ್ಲೂ ಒಳ್ಳೇ ಟೊರೊ ಬರುವುದು ಹೊನ್‌ಮಾಗುರೊ ಅನ್ನುವ ಜಾತಿಯಿಂದ. ‘ಹೊನ್’ ಅಂದರೆ ಅಸಲಿ. ಬ್ಲೂಫಿನ್ ಅಂತ ಕೇಳಿರಬಹುದು, ಅದೇ ಇದು. ಚೆನ್ನಾಗಿ ಬೆಳೆದದ್ದು 3 ಮೀಟರ್ ಉದ್ದ ಇರುತ್ತದೆ, ತೂಕದಲ್ಲಿ ಒಂದು ಎಮ್ಮೆಗೆ ಸಮ. ಅಷ್ಟು ದೊಡ್ಡ ಮೈಯಲ್ಲಿ ಎಲ್ಲ ಕಡೆ ಮಾಂಸ ಒಂದೇ ಥರ ಹೇಗಿರುತ್ತದೆ ಹೇಳಿ.

ಈ ಪಾಠ ನನಗೆ ಆದದ್ದು ಶಿಮಿಜುವಿನಲ್ಲಿ. ನಾನು ಆಗ ಸರಕಿನ ಹಡಗಿನಲ್ಲಿ ಎರಡನೇ ಕುಕ್. ಬಂದರಿನ ಹಿಂದಿನ ಓಣಿಯಲ್ಲಿ ಏಳೇ ಸ್ಟೂಲ್ ಇದ್ದ ಒಂದು ಸುಶಿ ಅಂಗಡಿ. ಸುಶಿ ಅಂದರೆ ವಿನೆಗರ್ ಕಲಸಿದ ಅನ್ನದ ಉಂಡೆ, ಮೇಲೆ ಮೀನಿನ ತುಂಡು. ನಡೆಸುವವನು ಒಬ್ಬ ಅಜ್ಜ. ಅವನಿಗೆ ಇಂಗ್ಲಿಷ್ ಬಾರದು, ನನಗೆ ಜಪಾನಿ ಬಾರದು. ನಾನೂ ಅಡುಗೆಯವನೇ ಅಂತ ಕೈಯಲ್ಲಿ ಸೌಟು ತಿರುಗಿಸಿ ತೋರಿಸಿದೆ. ಅಜ್ಜ ನಕ್ಕ. ಒಂದು ಹಳೇ ಬಿಲ್ಲಿನ ಹಿಂದೆ ಉದ್ದ ಮೀನು ಬರೆದ, ಅದಕ್ಕೆ ಗೆರೆ ಹೊಡೆದ, ಒಂದೊಂದು ಕಡೆ ಬೆರಳಿಟ್ಟು ಹೆಸರು ಹೇಳಿದ. ನಾನು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಆ ಚೀಟಿ ಈಗಲೂ ನನ್ನ ಸಿಡಿಸಿ, ಅಂದರೆ ಹಡಗಿನ ನೌಕರರ ದಾಖಲೆ ಪುಸ್ತಕದೊಳಗೆ ಇದೆ. ಅದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಅಕಾಮಿ ಅಂದರೆ ಕೆಂಪು ಮಾಂಸ. ‘ಅಕಾ’ ಕೆಂಪು, ‘ಮಿ’ ಮೈಯ ಮಾಂಸ. ಬೆನ್ನುಮೂಳೆಯ ಸುತ್ತ ಇರುವುದು ಇದು. ಟ್ಯೂನಾ ಈಜುವುದನ್ನು ನಿಲ್ಲಿಸುವ ಹಾಗಿಲ್ಲ. ಮುಂದೆ ಹೋಗುತ್ತಾ ಇದ್ದರೆ ಮಾತ್ರ ಕಿವಿರಿಗೆ ನೀರು ನುಗ್ಗಿ ಉಸಿರು ಸಿಗುತ್ತದೆ. ರಾತ್ರಿ ಹಗಲು ದುಡಿಯುವ ಮಾಂಸಕ್ಕೆ ಕೆಂಪು ಬಣ್ಣ ಬರಲೇಬೇಕು. ಇನ್ನು ಹೊಟ್ಟೆಯ ಕಡೆ ಬನ್ನಿ. ತಣ್ಣೀರಿನ ಸಮುದ್ರದಲ್ಲಿ ತಿರುಗುವ ಮೀನು ಕೊಬ್ಬನ್ನು ಕೂಡಿಡುವುದು ಅಲ್ಲಿ. ಅದು ಟೊರೊ. ‘ಓ’ ಅಂದರೆ ದೊಡ್ಡದು, ‘ಚೂ’ ಅಂದರೆ ನಡುವಿನದು. ಕೊಬ್ಬು ಅತಿ ಜಾಸ್ತಿ ಇದ್ದರೆ ಓಟೊರೊ, ನಡುಮಟ್ಟದ್ದು ಚೂಟೊರೊ. ಜಪಾನ್ ಸರಕಾರದ ಆಹಾರ ಪಟ್ಟಿಯಲ್ಲಿ ಹೊನ್‌ಮಾಗುರೊದ ಲೆಕ್ಕ ಇದೆ. 100 ಗ್ರಾಂ ಕೆಂಪು ಮಾಂಸದಲ್ಲಿ 1.4 ಗ್ರಾಂ ಕೊಬ್ಬು, 100 ಗ್ರಾಂ ಟೊರೊದಲ್ಲಿ 27.5 ಗ್ರಾಂ. ಒಂದೇ ಮೀನಿನಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಪಟ್ಟು ಫರಕು! ನಿಮ್ಮ ತಟ್ಟೆಗೆ ಮೂರು ಬಣ್ಣ ಬಂದದ್ದು ಇದಕ್ಕೇ.

ರೇಟಿನ ವಿಷಯ ಸರಳ. ಇಡೀ ಮೀನಿನಲ್ಲಿ ಓಟೊರೊ ಸಿಗುವುದು ಹೊಟ್ಟೆಯ ಕೆಳಗಿನ ಅಂಚಿನಲ್ಲಿ, ಅದೂ ತಲೆಯ ಕಡೆಯ ತುಂಡಿನಲ್ಲಿ ಜಾಸ್ತಿ. ಸಿಗುವುದು ಕಮ್ಮಿ, ಕೇಳುವವರು ಜಾಸ್ತಿ. ಓಟೊರೊದೊಳಗೂ ಎರಡು ಥರ ಉಂಟು. ಕೊಬ್ಬು ಸಣ್ಣ ಸಣ್ಣ ಚುಕ್ಕಿಯಾಗಿ ಎಲ್ಲ ಕಡೆ ಹರಡಿದ್ದರೆ ಶಿಮೊಫುರಿ, ಅಂದರೆ ಹಿಮ ಬಿದ್ದ ಹಾಗೆ. ಬಿಳಿ ಪಟ್ಟೆ ಪಟ್ಟೆಯಾಗಿದ್ದರೆ ಜಬಾರಾ, ಅಂದರೆ ಹಾವಿನ ಹೊಟ್ಟೆ. ತಿದಿಯ ಮಡಿಕೆಗೂ ಅವರು ಅದೇ ಪದ ಹೇಳುತ್ತಾರಂತೆ. ಹಾರ್ಮೋನಿಯಂ ನೋಡಿದವರಿಗೆ ಪಟ್ಟೆ ಹೇಗಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಆ ಬಿಳಿ ಪಟ್ಟೆಯಲ್ಲಿ ನಾರು ಇರುತ್ತದೆ. ಕತ್ತಿಯ ಕೈ ಚೆನ್ನಾಗಿಲ್ಲದಿದ್ದರೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ನನ್ನನ್ನು ಕೇಳಿದರೆ, ರೇಟ್ ಜಾಸ್ತಿ ಅಂತ ರುಚಿ ಜಾಸ್ತಿ ಅಲ್ಲ. ಓಟೊರೊ ಮೊದಲನೇ ತುಂಡು ಸ್ವರ್ಗ, ಎರಡನೆಯದು ಚೆಂದ, ಮೂರನೆಯದಕ್ಕೆ ಗಂಟಲು ಕಟ್ಟುತ್ತದೆ. ಹೋಳಿಗೆಯ ಮೇಲೆ ಬಟ್ಟಲು ತುಪ್ಪ ಸುರಿದ ಹಾಗೆ. ಚೂಟೊರೊದಲ್ಲಿ ಮೀನಿನ ರುಚಿಯೂ ಇರುತ್ತದೆ, ಕೊಬ್ಬಿನ ರುಚಿಯೂ ಇರುತ್ತದೆ. ಮುಂದಿನ ಸಲ ಮಗ ಕರೆದರೆ ಚೂಟೊರೊ ಎರಡು, ಅಕಾಮಿ ಎರಡು ಹೇಳಿ. ಬಿಲ್ಲೂ ಇಳಿಯುತ್ತದೆ.

ಪ್ರಶ್ನೆ: ಟೊರೊ ಅನ್ನುವ ಪದದ ಅರ್ಥ ಏನು? ರಾಜರ ಕಾಲದಿಂದ ಬಂದ ಪದವೇ? ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ, ಪದದ ಹುಚ್ಚು ಸ್ವಲ್ಪ ಜಾಸ್ತಿ.
ಓದುಗರು, ಬಾಗಲಕೋಟೆ

ಉತ್ತರ: ಗುರುಗಳೇ, ಈ ಪದಕ್ಕೆ ನೂರು ವರ್ಷದ ಆಸುಪಾಸು ವಯಸ್ಸು. ರಾಜರು ಈ ಪದ ಕೇಳಿಯೇ ಇರಲಿಕ್ಕಿಲ್ಲ. ಕೇಳಿದ್ದರೂ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಹಳೇ ಕಾಲದಲ್ಲಿ ಟೊರೊ ಕಸದ ಬುಟ್ಟಿಗೆ ಹೋಗುತ್ತಿತ್ತು. ಆಗ ಟೋಕಿಯೊಗೆ ಎದೊ ಅಂತ ಹೆಸರು. ಕೈಯಲ್ಲಿ ಒತ್ತಿ ಕೊಡುವ ಸುಶಿ ಅಲ್ಲಿ ಬೀದಿ ಬದಿಯ ತಿಂಡಿಯಾಗಿ ಶುರುವಾದದ್ದು 1820ರ ದಶಕದ ಹೊತ್ತಿಗೆ. ನಮ್ಮಲ್ಲಿ ಗಾಡಿಯ ಮುಂದೆ ನಿಂತು ಗಿರಮಿಟ್ ತಿನ್ನುವ ಹಾಗೆ ನಿಂತು ತಿಂದು ಹೋಗುವುದು. 1830ರ ದಶಕದಲ್ಲಿ ಒಮ್ಮೆ ಟ್ಯೂನಾ ಬೇಕಾಬಿಟ್ಟಿ ಸಿಕ್ಕಿತಂತೆ. ಮಂಜುಗಡ್ಡೆ ಇಲ್ಲ, ಫ್ರಿಜ್ ಇಲ್ಲ. ಏನು ಮಾಡುವುದು? ಕೆಂಪು ಮಾಂಸವನ್ನು ಸೋಯಾ ಸಾಸಿನಲ್ಲಿ ಅದ್ದಿ ಇಟ್ಟರು. ಉಪ್ಪು ಒಳಗೆ ಇಳಿಯಿತು, ಮಾಂಸ ಕೆಡಲಿಲ್ಲ. ಅದಕ್ಕೆ ಜುಕೆ ಅಂತಾರೆ. ನಮ್ಮ ಉಪ್ಪಿನಕಾಯಿಯ ಬುದ್ಧಿಯೇ ಅದು. ಆದರೆ ಕೊಬ್ಬಿನ ತುಂಡಿಗೆ ಸೋಯಾ ಅಂಟುವುದಿಲ್ಲ, ಎಣ್ಣೆ ಸವರಿದ ರೊಟ್ಟಿಯ ಮೇಲೆ ನೀರು ಹಾಕಿದ ಹಾಗೆ ಜಾರಿಹೋಗುತ್ತದೆ. ಅದು ಬೇಗ ಕೆಡುತ್ತಿತ್ತು, ವಾಸನೆ ಬರುತ್ತಿತ್ತು. ಎಸೆಯುತ್ತಿದ್ದರು. ತೀರಾ ಬಡವರು ಈರುಳ್ಳಿ ಜಾತಿಯ ಉದ್ದ ಸೊಪ್ಪಿನ ಜೊತೆ ಕುದಿಸಿ ತಿನ್ನುತ್ತಿದ್ದರು. ಆ ಸೊಪ್ಪು ‘ನೆಗಿ’, ಮೀನು ‘ಮಾಗುರೊ’. ಎರಡೂ ಸೇರಿ ಆ ಅಡುಗೆಗೆ ನೆಗಿಮಾ ಅಂತ ಹೆಸರು ಬಂತು.

ಇಂಥ ಮೀನಿಗೆ ಅವರಲ್ಲಿ ಒಂದು ಮಾತಿದೆ, ನೆಕೊಮಾತಾಗಿ. ಬೆಕ್ಕು ಕೂಡ ಮೂಸದೆ ದಾಟಿ ಹೋಗುತ್ತದೆ ಅಂತ. ‘ನಾಯಿ ಮೂಸುವುದಿಲ್ಲ’ ಅಂತ ನಾವು ಅನ್ನುತ್ತೇವಲ್ಲ, ಅವರು ಬೆಕ್ಕನ್ನು ಕರೆದಿದ್ದಾರೆ.

ಕೊಬ್ಬಿನ ತುಂಡಿಗೆ ಆಗ ಇದ್ದ ಹೆಸರು ‘ಅಬು’. ಜಪಾನಿಯಲ್ಲಿ ಎಣ್ಣೆ, ಕೊಬ್ಬಿಗೆ ಅಬುರಾ ಅಂತಾರೆ, ಅದನ್ನೇ ಕತ್ತರಿಸಿ ಅಬು ಮಾಡಿದ್ದು. ಚೆಂದದ ಹೆಸರೇನೂ ಅಲ್ಲ. ಟೋಕಿಯೊದ ನಿಹೊನ್‌ಬಾಶಿಯಲ್ಲಿ 1879ರಲ್ಲಿ ಶುರುವಾದ ಯೋಶಿನೊ ಸುಶಿ ಅಂತ ಒಂದು ಅಂಗಡಿ ಇದೆ. ಪ್ರಚಾರದಲ್ಲಿರುವ ಕತೆ ಏನೆಂದರೆ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿಗೆ ಬರುತ್ತಿದ್ದ ಒಬ್ಬ ಗಿರಾಕಿ, ಮಿತ್ಸುಯಿ ಕಂಪನಿಯವನು, ‘ಬಾಯಿಗೆ ಹಾಕಿದರೆ ತೊರೊ ಅಂತ ಕರಗುತ್ತದೆ, ಟೊರೊ ಅಂತಲೇ ಕರೆಯೋಣ’ ಅಂದನಂತೆ. ತೊರೊ, ತೊರೊರಿ ಅನ್ನುವುದು ಅವರಲ್ಲಿ ಅನುಕರಣ ಪದ. ನಮ್ಮಲ್ಲಿ ಮೆತ್ತಗೆ, ಲೊಳಲೊಳ, ಜುಳುಜುಳು ಇದ್ದ ಹಾಗೆ. ಅದಕ್ಕೇ ಇವತ್ತಿಗೂ ಟೊರೊವನ್ನು ಅವರು ಚಿತ್ರಲಿಪಿಯಲ್ಲಿ ಬರೆಯುವುದು ಕಮ್ಮಿ, ಶಬ್ದ ಬರೆಯುವ ಸಾದಾ ಅಕ್ಷರದಲ್ಲಿ ಬರೆಯುತ್ತಾರೆ. ಒಬ್ಬ ಗಿರಾಕಿಯ ಬಾಯಿಚಪಲಕ್ಕೆ ಹುಟ್ಟಿದ ಪದ, ಗುರುಗಳೇ. ಕ್ಲಾಸಿನಲ್ಲಿ ಅನುಕರಣಾವ್ಯಯ ಕಲಿಸುವಾಗ ಹೇಳಿ, ಹುಡುಗರು ಮರೆಯುವುದಿಲ್ಲ.

ಹೆಸರು ಬಂದ ಕೂಡಲೇ ಬೆಲೆ ಬರಲಿಲ್ಲ. ಎರಡನೇ ಮಹಾಯುದ್ಧ ಮುಗಿದು ಜಪಾನಿನವರ ಊಟದಲ್ಲಿ ದನದ ಮಾಂಸ, ಬೆಣ್ಣೆ ಜಾಸ್ತಿಯಾಯಿತು, ನಾಲಗೆಗೆ ಕೊಬ್ಬಿನ ರುಚಿ ಹತ್ತಿತು. ಫ್ರಿಜ್ ಬಂತು. ಆಮೇಲೆ ವಿಮಾನ. ಜಪಾನಿನಿಂದ ಅಮೆರಿಕದ ಕಡೆಗೆ ಸಾಮಾನು ತುಂಬಿಕೊಂಡು ಹೋದ ವಿಮಾನಗಳು ಬರುವಾಗ ಖಾಲಿ ಬರುತ್ತಿದ್ದವು. ಖಾಲಿ ವಿಮಾನಕ್ಕೆ ಏನು ತುಂಬುವುದು ಅಂತ ಹುಡುಕಿದವರ ಕಣ್ಣು ಕೆನಡಾದ ಟ್ಯೂನಾ ಮೇಲೆ ಬಿತ್ತು. ಅಲ್ಲಿ ಗಾಳ ಹಾಕಿ ಆಟಕ್ಕೆ ಹಿಡಿಯುವವರು ಮೀನಿನ ಜೊತೆ ನಿಂತು ಫೋಟೊ ತೆಗೆಸಿಕೊಂಡು, ಆಮೇಲೆ ಗುಂಡಿ ತೋಡಿ ಹೂಳುತ್ತಿದ್ದರು! 1972ರ ಆಗಸ್ಟ್‌ನಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಮೀನು ಟೋಕಿಯೊದ ಮಾರುಕಟ್ಟೆಯಲ್ಲಿ ಇಳಿಯಿತು. ಹೂಳುತ್ತಿದ್ದ ಮೀನಿಗೆ ಹರಾಜು ಶುರುವಾಯಿತು.

ಪ್ರಶ್ನೆ: ನಾವು ಜೋಳದ ರೊಟ್ಟಿ, ಎಣ್ಣೆಗಾಯಿ ಮಂದಿ. ಮೀನು ತಿಂದರೂ ಆಲಮಟ್ಟಿ ಹಿನ್ನೀರಿನ ಕಾಟ್ಲಾ, ಅದೂ ಖಾರ ಹಚ್ಚಿ ಚೆನ್ನಾಗಿ ಕರಿದು. ಹಸಿ ಮೀನಿಗೆ ವಾಸನೆ ಬರುವುದಿಲ್ಲವೇ? ಸಮುದ್ರದಲ್ಲಿ ಹಿಡಿದು ತಿಂಗಳಾದ ಮೇಲೆ ತಿನ್ನುತ್ತಾರಂತೆ, ಹೌದಾ?
ಓದುಗರು, ವಿಜಯಪುರ

ಉತ್ತರ: ತಿಂಗಳಲ್ಲ, ವರ್ಷ ಆದದ್ದನ್ನೂ ತಿನ್ನುತ್ತಾರೆ. ಶಿಮಿಜು ಇದಕ್ಕೇ ಹೆಸರಾದ ಬಂದರು. ಬೇರೆ ಸಮುದ್ರಗಳಲ್ಲಿ ಹಿಡಿದ ಟ್ಯೂನಾ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಅಲ್ಲಿ ಇಳಿಯುತ್ತದೆ. ತಲೆ, ಬಾಲ ಇಲ್ಲದ, ಬಿಳಿ ಹಿಮ ಮೆತ್ತಿದ ದಿಮ್ಮಿಗಳು. ಒಂದಕ್ಕೊಂದು ತಾಗಿದರೆ ಟಣ್ ಅನ್ನುತ್ತವೆ. ಕಟ್ಟಿಗೆ ಕೊಯ್ಯುವ ಮಶೀನಿನಂಥ ಗರಗಸದಲ್ಲಿ ಕೊಯ್ಯುತ್ತಾರೆ. ನಮ್ಮ ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ. ಅಲ್ಲಿಟ್ಟರೆ ಟ್ಯೂನಾದ ಕೆಂಪು ಬಣ್ಣ ಬೇಗ ಕಂದಾಗುತ್ತದೆ. ಅವರದ್ದು ಮೈನಸ್ 60. ಆ ಚಳಿಯಲ್ಲಿ ಬಣ್ಣವೂ ನಿಲ್ಲುತ್ತದೆ, ಮಾಂಸವೂ ನಿಲ್ಲುತ್ತದೆ.

ವಾಸನೆಯ ವಿಷಯ. ಹಿಡಿದ ಕೂಡಲೇ ಕೊಂದು, ರಕ್ತ ಬಸಿದು, ತಣ್ಣಗೆ ಮಾಡಿದ ಮೀನಿಗೆ ವಾಸನೆ ಇರುವುದಿಲ್ಲ. ಟ್ಯೂನಾದ ಮೈ ಸುತ್ತಲಿನ ನೀರಿಗಿಂತ ಬೆಚ್ಚಗಿರುತ್ತದೆ. ಗಾಳಕ್ಕೆ ಸಿಕ್ಕಿ ಜಾಸ್ತಿ ಒದ್ದಾಡಿದರೆ ಮೈ ಇನ್ನೂ ಕಾದು, ಮಾಂಸ ಬೇಯಿಸಿದ ಹಾಗೆ ಬಿಳಚಿಕೊಳ್ಳುತ್ತದೆ. ಅಂಥದ್ದಕ್ಕೆ ‘ಯಾಕೆ’ ಅನ್ನುತ್ತಾರೆ, ಸುಟ್ಟದ್ದು ಅಂತ. ಯಾಕೆ ಅಂತ ಕೇಳಬೇಡಿ, ಅವರ ಪದವೇ ಅದು.

ನಿಮ್ಮ ಕಾಟ್ಲಾ ಮಾತ್ರ ಕರಿದೇ ತಿನ್ನಿ. ಸಿಹಿನೀರಿನ ಮೀನಿನಲ್ಲಿ ಹುಳುವಿನ ಕಾಟ ಬೇರೆ. ಅದನ್ನು ಹಸಿ ತಿನ್ನುವ ಯೋಚನೆಯೇ ಬೇಡ.

ಪ್ರಶ್ನೆ: ಕಾಕಾ, ಬೆಳಗಾವಿ ಕ್ಯಾಂಪಿನ ಮೀನು ಮಾರ್ಕೆಟ್ಟಿನಲ್ಲಿ ಒಮ್ಮೊಮ್ಮೆ ಟ್ಯೂನಾ ಬರುತ್ತದೆ. ಅಂಗಡಿಯವರು ಕುಪ್ಪಾ ಅಂತಾರೆ. ಅದರ ಹೊಟ್ಟೆ ಕೊಯ್ದರೆ ಟೊರೊ ಸಿಗುತ್ತದಾ? ಮನೆಯಲ್ಲೇ ಸುಶಿ ಮಾಡಬಹುದಾ?
ಓದುಗರು, ಗೋಕಾಕ

ಉತ್ತರ: ಎರಡಕ್ಕೂ ಇಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗೋವಾ, ಕಾರವಾರದ ಕಡೆಯಿಂದ ನಮ್ಮಲ್ಲಿಗೆ ಬರುವ ಟ್ಯೂನಾ ಸಣ್ಣ ಜಾತಿಯದ್ದು, ಇಲ್ಲವೆ ಹಳದಿ ರೆಕ್ಕೆಯದ್ದು. ಹಳದಿ ರೆಕ್ಕೆಯದಕ್ಕೆ ಜಪಾನಿನವರು ಕಿಹಾದಾ ಅನ್ನುತ್ತಾರೆ. ನಮ್ಮ ಸಮುದ್ರ ಬೆಚ್ಚಗಿನ ಸಮುದ್ರ. ಸೆಕೆಯಲ್ಲಿ ಕಂಬಳಿ ಹೊದ್ದುಕೊಳ್ಳುವವರು ಯಾರು? ಮೀನಿಗೂ ಕೊಬ್ಬು ಕೂಡಿಡುವ ಗರಜು ಇಲ್ಲ. ಹೊಟ್ಟೆ ಕೊಯ್ದರೂ ಹೆಚ್ಚುಕಡಿಮೆ ಅಕಾಮಿಯೇ ಸಿಗುತ್ತದೆ. ಜಪಾನಿನ ಮುಖ್ಯ ದ್ವೀಪ ಹೊನ್ಶುವಿನ ಉತ್ತರ ತುದಿಗೆ ಓಮಾ ಅನ್ನುವ ಊರಿದೆ, ಅಲ್ಲಿನ ಟ್ಯೂನಾಕ್ಕೆ ಭಾರೀ ಹೆಸರು. ಚಳಿಗಾಲದ ತಣ್ಣೀರಿನಲ್ಲಿ, ಹೊಟ್ಟೆ ತುಂಬ ಸ್ಕ್ವಿಡ್ ತಿಂದು ಕೊಬ್ಬಿದ ಮೀನು ಅದು. ಮಾರುಕಟ್ಟೆಯಲ್ಲಿ ‘ಇಂದೊ ಮಾಗುರೊ’ ಅನ್ನುವ ಹೆಸರೂ ಕೇಳಿಬರುತ್ತದೆ. ನಾನು ಕೇಳಿದಾಗ ನಮ್ಮದೇ ಇರಬೇಕು ಅಂತ ಎದೆಯುಬ್ಬಿಸಿದ್ದೆ. ಹಿಂದೂ ಮಹಾಸಾಗರದ ತೀರಾ ದಕ್ಷಿಣದ ತಣ್ಣೀರಿನಲ್ಲಿ, ಆಸ್ಟ್ರೇಲಿಯಾದ ಕೆಳಗಡೆ ಸಿಗುವ ಬ್ಲೂಫಿನ್ ಅದು. ನಮ್ಮ ಹೆಸರು ಮಾತ್ರ, ಮೀನು ನಮ್ಮದಲ್ಲ.

ಇನ್ನು ಹಸಿ ತಿನ್ನುವ ವಿಷಯ. ಇದಕ್ಕೆ ನನ್ನದೇ ತಪ್ಪಿನ ಕತೆ ಹೇಳುತ್ತೇನೆ. ಹಡಗು ನಿಧಾನ ಹೋಗುತ್ತಿದ್ದಾಗ ಹುಡುಗರು ಗಾಳ ಹಾಕಿ ಒಂದು ಒಳ್ಳೇ ಟ್ಯೂನಾ ಹಿಡಿದರು. ಫೋಟೊ ತೆಗೆದರು, ಕುಣಿದರು. ಮೀನು ಡೆಕ್ಕಿನ ಮೇಲೆ ಬಿಸಿಲಲ್ಲಿ ಮೂರು ತಾಸು ಬಿದ್ದಿತ್ತು. ನಾನೂ ಇರಲಿ ಬಿಡು ಅಂದುಕೊಂಡೆ. ಸಂಜೆ ಹುಣಸೆಹುಳಿ, ಬ್ಯಾಡಗಿ ಮೆಣಸಿನಕಾಯಿ ಹಾಕಿ ಸಾರು ಮಾಡಿದೆ. ಚೆನ್ನಾಗಿ ಕುದಿಸಿದ್ದೆ. ಊಟವಾಗಿ ಅರ್ಧ ತಾಸಿಗೆ ಆರು ಜನರ ಮುಖ ಕೆಂಡದಂತೆ ಕೆಂಪಾಯಿತು. ತಲೆ ಸಿಡಿತ, ಎದೆ ಡವಡವ, ಮೈಯೆಲ್ಲ ತುರಿಕೆ. ತಿನ್ನುವಾಗ ನಾಲಗೆ ಮೆಣಸು ಕಚ್ಚಿದ ಹಾಗೆ ಚುರುಚುರು ಅಂದಿತ್ತು. ಎಲ್ಲರೂ ನನ್ನ ಖಾರವನ್ನು ಬೈದಿದ್ದರು. ಖಾರ ಅಲ್ಲ ಅದು. ಟ್ಯೂನಾ ಬಂಗುಡೆಯ ಬಳಗದ್ದು. ಈ ಬಳಗದ ಮೀನು ಬೆಚ್ಚಗೆ ಬಿದ್ದಿದ್ದರೆ ಮಾಂಸದಲ್ಲಿ ಹಿಸ್ಟಮಿನ್ ಅನ್ನುವುದು ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಕುದಿಸಿದರೂ ಹೋಗುವುದಿಲ್ಲ, ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ಪುಣ್ಯಕ್ಕೆ ಬೆಳಗಾಗುವುದರೊಳಗೆ ಎಲ್ಲರೂ ಸರಿಯಾದರು. ಆ ಟ್ರಿಪ್ ಮುಗಿಯುವವರೆಗೆ ನನಗೆ ‘ಟ್ಯೂನಾ’ ಅಂತಲೇ ಹೆಸರು.

ಈಗ ಹೇಳಿ, ಆ ಮೀನು ದೋಣಿಯಲ್ಲಿ ಎಷ್ಟು ಹೊತ್ತು ಇತ್ತು, ಚೋರ್ಲಾ ಘಾಟ್ ಹತ್ತುವಾಗ ಮಂಜುಗಡ್ಡೆ ಕರಗಿತ್ತೋ ಇಲ್ಲವೋ, ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ, ಮಾರುವವರಿಗೂ ಗೊತ್ತಿಲ್ಲ. ಮಂಜುಗಡ್ಡೆಯಲ್ಲಿ ಗಟ್ಟಿಯಾಗಿ ಕೂತ ಮೀನನ್ನೇ ಆರಿಸಿ, ಕೋಕಂ ಹಾಕಿ ಸಾರು ಮಾಡಿ. ಕುಪ್ಪಾಗೆ ಅದೇ ಮರ್ಯಾದೆ.

ಪ್ರಶ್ನೆ: ‘ವೈಟ್ ಟ್ಯೂನಾ’ ಅಂತ ಬೆಳ್ಳಗಿನ ತುಂಡು ಕೊಟ್ಟರು. ಓಟೊರೊ ಅದೇನಾ?
ಓದುಗರು, ಜಮಖಂಡಿ

ಉತ್ತರ: ಅಲ್ಲ. ಓಟೊರೊ ಬೆಳ್ಳಗೆ ಕಂಡರೂ ಒಳಗೆ ಗುಲಾಬಿ ಇರುತ್ತದೆ. ನಿಮಗೆ ಕೊಟ್ಟದ್ದು ಬಿನ್ನಾಗಾ ಅನ್ನುವ ಬೇರೆ ಜಾತಿಯ ಟ್ಯೂನಾ ಇರಬಹುದು, ಅದರ ಹೊಟ್ಟೆಗೆ ಬಿನ್‌ಟೊರೊ ಅಂತಾರೆ, ತಿನ್ನಲು ಚೆನ್ನಾಗಿರುತ್ತದೆ. ಆದರೆ ಕೆಲವು ಕಡೆ ಎಸ್ಕೊಲಾರ್ ಅನ್ನುವ ಮೀನನ್ನು ಈ ಹೆಸರಲ್ಲಿ ಕೊಡುತ್ತಾರೆ. ಅದು ಟ್ಯೂನಾನೇ ಅಲ್ಲ. ಅದರ ಕೊಬ್ಬು ಮೇಣದ ಥರದ್ದು, ನಮ್ಮ ಹೊಟ್ಟೆಗೆ ಅರಗುವುದಿಲ್ಲ. ಜಾಸ್ತಿ ತಿಂದರೆ ಮಾರನೇ ದಿನ ಎಲ್ಲಿ ಓಡಬೇಕಾಗುತ್ತದೆ ಅಂತ ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ. ಜಪಾನಿನಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿದ್ದಾರೆ.

ಪ್ರಶ್ನೆ: ಸೊಸೆ ಬಸುರಿ. ಸುಶಿ ತಿನ್ನುವ ಆಸೆ ಅಂತಾಳೆ.
ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಹಸಿ ಮೀನು ಈಗ ಬೇಡ, ಡಾಕ್ಟರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಬೇಯಿಸಿದರೂ ದೊಡ್ಡ ಟ್ಯೂನಾ ಬೇಡ. ದೊಡ್ಡ ಮೀನು ಸಣ್ಣ ಮೀನನ್ನು ತಿಂದು ತಿಂದು ಅದರ ಮೈಯಲ್ಲಿ ಪಾದರಸ ಕೂಡಿರುತ್ತದೆ. ಹಸಿ ಮೀನು ತಿನ್ನುವ ಜಪಾನಿನಲ್ಲೇ ಬಸುರಿಯರಿಗೆ ಬ್ಲೂಫಿನ್ ವಾರಕ್ಕೆ 80 ಗ್ರಾಂ ದಾಟಬೇಡಿ ಅಂತ ಸರಕಾರ ಹೇಳುತ್ತದೆ. ಸೌತೆಕಾಯಿ ಇಟ್ಟು ಸುತ್ತಿದ ಸುಶಿ ಸಿಗುತ್ತದೆ, ಕಪ್ಪಾಮಾಕಿ ಅಂತ. ಅದನ್ನು ತರಿಸಿ ಕೊಡಿ. ಸುಶಿ ಅಂದರೆ ಹಸಿ ಮೀನು ಅಂತಲ್ಲ, ವಿನೆಗರ್ ಕಲಸಿದ ಅನ್ನ ಅಂತ. ಆಸೆಯೂ ತೀರುತ್ತದೆ.

ಪ್ರಶ್ನೆ: ಒಂದು ಟ್ಯೂನಾ ಕೋಟಿಗಟ್ಟಲೆಗೆ ಹೋಯಿತು ಅಂತ ಮೊಬೈಲಿನಲ್ಲಿ ಬಂದಿತ್ತು. ಸುಳ್ಳು ಸುದ್ದಿಯೇ?
ಓದುಗರು, ಇಳಕಲ್ಲ

ಉತ್ತರ: ನಿಜ. ಟೋಕಿಯೊದ ಟೊಯೊಸು ಮಾರುಕಟ್ಟೆಯಲ್ಲಿ 2019ರ ಹೊಸ ವರ್ಷದ ಮೊದಲ ಹರಾಜಿನಲ್ಲಿ ಓಮಾದ 278 ಕಿಲೋ ಮೀನು 33 ಕೋಟಿ 36 ಲಕ್ಷ ಯೆನ್‌ಗೆ ಹೋಯಿತು. ಆದರೆ ಅದು ಮೀನಿನ ಬೆಲೆ ಅಲ್ಲ, ಹಬ್ಬದ ಬೆಲೆ. ಜಾತ್ರೆಯಲ್ಲಿ ದೇವರ ಮೊದಲ ತೆಂಗಿನಕಾಯಿ ಸವಾಲಿಗೆ ಹಾಕಿದಾಗ ಕಾಯಿ ಎಷ್ಟಕ್ಕೆ ಹೋಗುತ್ತದೆ? ಹಾಗೇ ಇದೂ. ಹಿಡಿದವನಿಗೆ ಹೆಸರು, ಕೊಂಡವನ ಅಂಗಡಿಗೆ ಪುಕ್ಕಟೆ ಜಾಹೀರಾತು. ಮಾಮೂಲಿ ದಿನದ ಹರಾಜು ನೋಡಲು ಇನ್ನೂ ಚೆಂದ. ವ್ಯಾಪಾರಿಗಳು ಬಾಲದ ಹತ್ತಿರ ಕೊಯ್ದ ಜಾಗಕ್ಕೆ ಬ್ಯಾಟರಿ ಬಿಟ್ಟು ನೋಡುತ್ತಾರೆ. ಚೂರು ಮಾಂಸ ಕಿತ್ತು ಎರಡು ಬೆರಳಿನ ನಡುವೆ ತಿಕ್ಕುತ್ತಾರೆ. ಬೆರಳು ಜಾರಿದರೆ ಒಳಗೆ ಟೊರೊ ಇದೆ ಅಂತ ಲೆಕ್ಕ.

ಪ್ರಶ್ನೆ: ಕಾಕಾ, ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ್ದೇನೆ. ಒಂದು ಜಪಾನಿ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಸೇರಬೇಕು. ಟ್ಯೂನಾದ ಬಗ್ಗೆ ಯಾವ ಯಾವ ಪದ ಗೊತ್ತಿರಬೇಕು? ಮೊದಲ ದಿನವೇ ಪೆದ್ದನಂತೆ ನಿಲ್ಲಬಾರದು ಅಂತ.
ಓದುಗರು, ಅಥಣಿ

ಉತ್ತರ: ಮೊದಲ ದಿನ ಎಲ್ಲರೂ ಪೆದ್ದರೇ, ತಮ್ಮಾ. ನಾನು ನಿಂತಿಲ್ಲವೇ? ಚೀಟಿಯಲ್ಲಿ ಇರುವುದನ್ನು ಹೇಳುತ್ತೇನೆ, ಒಂದು ಹಾಳೆಯಲ್ಲಿ ಮೀನು ಬರೆದುಕೊಂಡು ಓದು.

ದೊಡ್ಡ ಟ್ಯೂನಾವನ್ನು ಮೊದಲು ಉದ್ದಕ್ಕೆ ನಾಲ್ಕು ಭಾಗ ಮಾಡುತ್ತಾರೆ, ನಡುವಿನ ಮೂಳೆ ಐದನೆಯದು. ಅದಕ್ಕೆ ಬಳಸುವ ಕತ್ತಿ ಆಳುದ್ದ ಇರುತ್ತದೆ, ಒಮ್ಮೊಮ್ಮೆ ಇಬ್ಬರು ಹಿಡಿಯಬೇಕು. ಬೆನ್ನಿನ ಕಡೆಯ ಎರಡು ಭಾಗಕ್ಕೆ ‘ಸೆ’, ಹೊಟ್ಟೆಯ ಕಡೆಯ ಎರಡಕ್ಕೆ ‘ಹಾರಾ’. ಒಂದೊಂದು ಭಾಗವನ್ನು ಮತ್ತೆ ಅಡ್ಡ ಮೂರು ತುಂಡು. ತಲೆಯ ಕಡೆಯದು ಕಾಮಿ, ನಡುವಿನದು ನಾಕಾ, ಬಾಲದ ಕಡೆಯದು ಶಿಮೊ. ಮೇಲೆ, ನಡು, ಕೆಳಗೆ ಅಂತ ಅಷ್ಟೇ ಅರ್ಥ. ಈಗ ಎರಡನ್ನೂ ಜೋಡಿಸು. ಹಾರಾಕಾಮಿ ಅಂದರೆ ಹೊಟ್ಟೆಯ ತಲೆಕಡೆ, ಸೆನಾಕಾ ಅಂದರೆ ಬೆನ್ನಿನ ನಡು. ಯಾರಾದರೂ ‘ಹಾರಾಕಾಮಿ ತಾ’ ಅಂದರೆ ಎಚ್ಚರದಿಂದ ಎರಡೂ ಕೈಯಲ್ಲಿ ಹಿಡಿ, ಅಂಗಡಿಯ ಅತಿ ದುಬಾರಿ ತುಂಡು ಅದು. ಬೆನ್ನಿನಲ್ಲಿ ಓಟೊರೊ ಇರುವುದಿಲ್ಲ, ಚರ್ಮದ ಹತ್ತಿರ ಚೂಟೊರೊ ಸಿಗುತ್ತದೆ. ಒಳಗೆ ಮೂಳೆಯ ಪಕ್ಕದ ಕಡುಗೆಂಪು ಮಾಂಸಕ್ಕೆ ತೆನ್ಮಿ ಅಂತಾರೆ. ಅಕಾಮಿಯಲ್ಲೇ ಅದು ಮೇಲು. ನಾನು ರೊಕ್ಕ ಕೊಟ್ಟು ತಿನ್ನುವುದಾದರೆ ಅದನ್ನೇ ತಿನ್ನುತ್ತೇನೆ.

ಇಷ್ಟಾದ ಮೇಲೆ ಇಟ್ಟಿಗೆಯ ಹಾಗೆ ಚೌಕ ಮಾಡಿ ಇಡುವ ತುಂಡಿಗೆ ಸಾಕು ಅಂತ ಹೆಸರು. ಮೊದಲ ಸಲ ಅಜ್ಜ ‘ಸಾಕು, ಸಾಕು’ ಅಂದಾಗ ನಾನು ಬೀರ್ ಗ್ಲಾಸ್ ಕೆಳಗಿಟ್ಟಿದ್ದೆ.

ತಲೆಯನ್ನು ಎಸೆಯಬೇಡ. ನೆತ್ತಿಯ ಮಾಂಸ ನೊಟೆನ್, ಕೊಬ್ಬು ಇದ್ದೂ ನಾರಿಲ್ಲ. ಕೆನ್ನೆಯದು ಹೊಹೊನಿಕು, ಸುಟ್ಟರೆ ಮಟನ್ ಅಂತಲೇ ಅನಿಸುತ್ತದೆ. ಕಿವಿರಿನ ಹಿಂದಿನ ಎಲುಬಿನ ಪಟ್ಟಿ ಕಾಮಾ. ಅದಕ್ಕೆ ಉಪ್ಪು ಸವರಿ ಕೆಂಡದ ಮೇಲೆ ಇಡುತ್ತಾರೆ. ಕಾಮಾದೊಳಗೆ ಸಿಗುವ ಕಾಮಾಟೊರೊ ಒಂದು ಮೀನಿಗೆ ಎರಡೇ ಕಡೆ. ಉದ್ದಕ್ಕೆ ಕಪ್ಪುಗೆಂಪಾಗಿ ಹೋಗುವ ರಕ್ತದ ಪಟ್ಟಿ ಚಿಯಾಯಿ. ಅದನ್ನು ಸುಶಿಗೆ ಹಾಕುವುದಿಲ್ಲ, ಕೊಯ್ದು ಬೇರೆ ಇಡು. ಕಬ್ಬಿಣದ ವಾಸನೆ ಇರುತ್ತದೆ, ಶುಂಠಿ ಹಾಕಿ ಬೇಯಿಸಿದರೆ ತಿನ್ನಬಹುದು.

ಬಡಿಸುವಾಗ ಒಂದು ಮಾತು ನೆನಪಿರಲಿ. ವಸಾಬಿ ಅಂದರೆ ಅವರ ಹಸಿರು ಖಾರದ ಮುದ್ದೆ. ಅಕಾಮಿಗೆ ಅದು ಸ್ವಲ್ಪ, ಟೊರೊಗೆ ಜಾಸ್ತಿ. ಕೊಬ್ಬು ಖಾರವನ್ನು ನುಂಗಿಬಿಡುತ್ತದೆ. ಮೊಸರು ಕಲಸಿದ ಮೇಲೆ ರಂಜಕ ಎಷ್ಟು ತಡೆಯುತ್ತದೆ ಅಂತ ನಿನಗೆ ಗೊತ್ತೇ ಇದೆ. ಗಿರಾಕಿ ಸೋಯಾದಲ್ಲಿ ಅನ್ನ ಅದ್ದಿದರೆ ಏನೂ ಹೇಳಬೇಡ. ಮೀನಿನ ಕಡೆ ಅದ್ದಬೇಕು ಅಂತ ಅವರೇ ಕೇಳಿದರೆ ಹೇಳು.

ಕೊನೆಗೆ ನಾಕಾಒಚಿ. ಎಲ್ಲ ತುಂಡು ತೆಗೆದ ಮೇಲೆ ಬೆನ್ನುಮೂಳೆಯ ಸಂದಿಯಲ್ಲಿ ಮಾಂಸ ಅಂಟಿಕೊಂಡಿರುತ್ತದೆ. ಅದನ್ನು ಚಿಪ್ಪಿನಿಂದಲೋ ಚಮಚದಿಂದಲೋ ಕೆರೆದು ತೆಗೆಯುತ್ತಾರೆ. ಖಿಮಾದಷ್ಟು ಸಣ್ಣ, ಆದರೆ ಕತ್ತಿ ತಾಗದ್ದರಿಂದ ಮೆತ್ತಗೆ. ಮೆನುದಲ್ಲಿ ನೆಗಿಟೊರೊ ಅಂತ ಇರುತ್ತದಲ್ಲ, ಅದರ ಮೂಲ ಇದು, ಮೇಲೆ ನೆಗಿ ಸೊಪ್ಪು ಹೆಚ್ಚಿ ಹಾಕುತ್ತಾರೆ. ಈಗ ಅಗ್ಗದ ಕಡೆಗಳಲ್ಲಿ ಕೆಂಪು ಮಾಂಸ ಅರೆದು ಎಣ್ಣೆ ಕಲಸಿ ಅದೇ ಹೆಸರಿನಲ್ಲಿ ಕೊಡುವುದೂ ಉಂಟು, ಮೋಸಹೋಗಬೇಡ. ಶಿಮಿಜುವಿನಲ್ಲಿ ಗಿರಾಕಿಗಳೆಲ್ಲ ಹೋದ ಮೇಲೆ ಅಜ್ಜ ಆ ಮೂಳೆಯನ್ನು ನನ್ನ ಮುಂದೆ ಇಟ್ಟು, ಒಂದು ಚಮಚ ಕೊಟ್ಟ. ಬಿಲ್ಲಿಗೆ ಹಾಕಲಿಲ್ಲ. ಅಡುಗೆಮನೆಯವರ ಪಾಲು ಅದು. ನಿನ್ನ ಜೇಬಿನಲ್ಲೂ ಒಂದು ಚಮಚ ಇರಲಿ.